ಮೂಲ ತಿಳಿದಿಲ್ಲ ಎಂದ ನಿಘಂಟಿಗೆ, ಅಕ್ಕ ಅಂಗಡಿ ಬಿಟ್ಟುಹೋದ ಬಗ್ಗೆ ಒಂದು ಬಹಿರಂಗ ಪತ್ರ

ಪ್ರಧಾನ ಸಂಪಾದಕರಿಗೆ,
ಪದಗಳ ಮೂಲ ಹುಡುಕುವ ವಿಭಾಗ,
ಕೆಂಪು ರಟ್ಟಿನ ದಪ್ಪ ಇಂಗ್ಲಿಷ್ ನಿಘಂಟು.

ಮಾನ್ಯರೇ,

ತಾವೂ ತಮ್ಮ ಸಹೋದ್ಯೋಗಿಗಳೂ ಅಕ್ಷರಾನುಕ್ರಮದಲ್ಲಿ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ತಮ್ಮ ಕಚೇರಿಯ ಬೆಳಕು ಚೆನ್ನಾಗಿರಲಿ, ಕುರ್ಚಿಗಳ ಬೆನ್ನು ನೇರವಾಗಿರಲಿ, ಅಷ್ಟು ಸಣ್ಣ ಅಕ್ಷರಗಳನ್ನು ದಿನವಿಡೀ ನೋಡುವ ತಮ್ಮೆಲ್ಲರ ಕಣ್ಣಿನ ಪವರು ಈಗಿರುವಲ್ಲೇ ನಿಲ್ಲಲಿ ಎಂದು ಹಾರೈಸುತ್ತೇನೆ. ಈ ಕೊನೆಯ ಹಾರೈಕೆ ಬರಿಯ ಉಪಚಾರವಲ್ಲ. ನಾನು ಕನ್ನಡಕದ ಅಂಗಡಿಯವಳು; ಯಾರದೇ ಪವರು ನಿಂತರೂ ನಷ್ಟ ನಮ್ಮದೇ, ಆದರೂ ಹಾರೈಸುತ್ತಿದ್ದೇನೆ ಎಂಬುದನ್ನು ತಾವು ಗಮನಿಸಬೇಕು.

ಇಂಗ್ಲಿಷ್ ನಿಘಂಟಿನವರಿಗೆ ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಮೊದಲೇ ಕ್ಷಮೆ ಕೋರುತ್ತೇನೆ. ನಾನು ಓದಿದ್ದು ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ. ಅಲ್ಲಿನ ವರಾಂಡದಲ್ಲಿ ಕನ್ನಡದಲ್ಲಿ ಸೀನಿದರೂ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಆದ್ದರಿಂದ ದೂರನ್ನು ತಮ್ಮ ಭಾಷೆಯಲ್ಲೇ ಬರೆಯುವುದು ನನಗೆ ಕಷ್ಟವಾಗುತ್ತಿರಲಿಲ್ಲ. ಆದರೆ ದೂರು ಇರುವುದೇ ತಮ್ಮ ಪದಗಳ ಬಗ್ಗೆ. ತೂಕದಲ್ಲಿ ಮೋಸವಾಯಿತೆಂದು ಜಗಳಕ್ಕೆ ಹೋದವಳು ಅದೇ ಅಂಗಡಿಯ ತಕ್ಕಡಿಯಲ್ಲಿ ಮತ್ತೊಮ್ಮೆ ತೂಗಿಸಿಕೊಂಡು ಬರುವುದು ಸರಿಯೆನಿಸಲಿಲ್ಲ. ತಮ್ಮಲ್ಲಿ ಎಲ್ಲ ಭಾಷೆಗಳ ಪಂಡಿತರೂ ಇರುತ್ತಾರೆಂದು ಕೇಳಿದ್ದೇನೆ. ಇಲ್ಲವಾದರೆ ಪತ್ರ ಎಲ್ಲಿಂದ ಬಂತೆಂದು ಹುಡುಕುವುದು ತಮಗೆ ಅಭ್ಯಾಸವಾದ ಕೆಲಸವೇ.

ಇನ್ನು ನಮ್ಮ ಅಂಗಡಿಯ ವಿವರ. ನಮ್ಮದು ಎರಡು ಕೋಣೆಯ ಅಂಗಡಿ. ಮುಂದಿನ ಕೋಣೆಯಲ್ಲಿ ಗೋಡೆ ತುಂಬ ಫ್ರೇಮುಗಳು, ಒಂದು ಕನ್ನಡಿ, ಗಿರಾಕಿಗಳಿಗೆ ಕುರ್ಚಿಗಳು, ನನಗೊಂದು ಸ್ಟೂಲು. ಹಿಂದಿನ ಕೋಣೆಯಲ್ಲಿ ಗ್ಲಾಸನ್ನು ಫ್ರೇಮಿನ ಆಕಾರಕ್ಕೆ ಉಜ್ಜುವ ಮಷೀನು, ಅದರ ಚಕ್ರದ ಮೇಲೆ ಹನಿಹನಿಯಾಗಿ ಬೀಳುವ ನೀರು, ಪ್ಲಾಸ್ಟಿಕ್ ಫ್ರೇಮುಗಳನ್ನು ಮೆತ್ತಗೆ ಮಾಡುವ ಬಿಸಿ ಮರಳಿನ ಬಾಣಲೆ, ಮತ್ತು ನಮ್ಮಕ್ಕ. ಎರಡೂ ಕೋಣೆಗಳ ನಡುವೆ ಒಂದು ತೆಳು ಪ್ಲೈವುಡ್ಡು. ಅಂಗಡಿ ಶುರುಮಾಡಿದ್ದು ಅಪ್ಪ. ಅವರಿದ್ದಾಗ ಹಿಂದಿನ ಕೋಣೆಗೂ ಹಿಂದೆ ನಮ್ಮ ಮನೆಯಿತ್ತು, ಅಲ್ಲಿ ಯಾರು ಯಾರ ಮೇಲೆ ಎಗರಾಡಿದರೂ ಮುಂದಿನ ಕುರ್ಚಿಯವರೆಗೆ ಕೇಳಿಸುತ್ತಿತ್ತು. ಕಣ್ಣು ಪರೀಕ್ಷೆಗೆ ಕುಳಿತವರು ಒಳಗಿನ ಜಗಳದಲ್ಲಿ ಮುಳುಗಿ, ಗೋಡೆಯ ಮೇಲಿನ ಅಕ್ಷರಗಳನ್ನು ಬಾಯಿಗೆ ಬಂದಂತೆ ಓದಿ, ಬೇಡದ ಪವರಿನ ಕನ್ನಡಕ ಮಾಡಿಸಿಕೊಂಡು ಹೋದ ಪ್ರಸಂಗಗಳೂ ಇದ್ದವು.

ಆಗ ಅಪ್ಪ ತಮ್ಮ ನಿಘಂಟನ್ನು ಕೊಂಡುತಂದರು. ಮಕ್ಕಳ ಇಂಗ್ಲಿಷ್ ಸುಧಾರಿಸಲಿ ಎಂದು ತಂದದ್ದೆಂದು ಅಮ್ಮ ನಂಬಿದ್ದಳು. ಅಪ್ಪ ಅದನ್ನು ಊಟದ ಮೇಜಿನ ಮೇಲಿಟ್ಟು ಹೇಳಿದ್ದು ಬೇರೆಯೇ: “ಕೂಗಾಡೋದು ತಪ್ಪು ಅಂತ ನಾನು ಹೇಳಲ್ಲ. ಆದ್ರೆ ಏನು ಕೂಗಾಡ್ತಾ ಇದೀನಿ ಅಂತ ಕೂಗಾಡೋರಿಗೆ ಗೊತ್ತಿರ್ಬೇಕು.” ಅಂದಿನಿಂದ ನಮ್ಮ ಮನೆಯಲ್ಲೊಂದು ಪದ್ಧತಿ ಜಾರಿಗೆ ಬಂತು. ಸಿಟ್ಟಿಗೆದ್ದವರು ಮಾತಿನ ನಡುವೆಯೇ ನಿಲ್ಲಬೇಕು. ತಮ್ಮ ಕೂಗಾಟಕ್ಕೆ ಒಪ್ಪುವ ಇಂಗ್ಲಿಷ್ ಪದವನ್ನು ತಾವೇ ಆರಿಸಿ, ನಿಘಂಟು ತೆರೆದು, ಅದರ ಅರ್ಥವನ್ನೂ ಮೂಲವನ್ನೂ ನಿಂತುಕೊಂಡು ಗಟ್ಟಿಯಾಗಿ ಓದಬೇಕು. ಬೈಸಿಕೊಳ್ಳುತ್ತಿದ್ದವರು ತುಟಿಪಿಟಕ್ಕೆನ್ನದೆ ಕೇಳಬೇಕು. ಓದಿ ಮುಗಿದ ಮೇಲೆ ಕೂಗಾಟವನ್ನು ಬಿಟ್ಟಲ್ಲಿಂದ ಮುಂದುವರಿಸಬಹುದು. ಈ ಕೊನೆಯ ಸೌಲಭ್ಯವನ್ನು ನಮ್ಮ ಮನೆಯಲ್ಲಿ ಇತ್ತೀಚಿನವರೆಗೆ ಯಾರೂ ಬಳಸಿದ್ದಿಲ್ಲ. ಅದಕ್ಕೆ ಕಾರಣ ತಾವು, ಮಾನ್ಯರೇ. ತಮ್ಮ ವಿವರಣೆಗಳು ಅಷ್ಟು ಉದ್ದವಾಗಿದ್ದವು, ಅಷ್ಟು ಸ್ವಾರಸ್ಯವಾಗಿದ್ದವು.

ಒಂದು ಉದಾಹರಣೆ ಕೊಡುತ್ತೇನೆ. ಅಕ್ಕನ ಹೊಸ ಬಣ್ಣದ ಪೆನ್ಸಿಲ್ಲುಗಳನ್ನು ನಾನು ಚೂಪು ಮಾಡಿ, ಮಾಡಿ, ಅರ್ಧಕ್ಕೆ ತಂದಿದ್ದೆ. ಅಕ್ಕ ಕೆಂಡಾಮಂಡಲವಾಗಿ ‘ಎಕ್ಸ್‌ಪ್ಲೋಡ್’ ಎಂಬ ಪದವನ್ನು ಆರಿಸಿಕೊಂಡಳು. ಸಿಡಿಮದ್ದಿನ ವಿಷಯ ಬರುತ್ತದೆಂದು ನಾನು ಹೆದರಿ ಕುಳಿತಿದ್ದರೆ, ಅದರ ಲ್ಯಾಟಿನ್ ಮೂಲದಲ್ಲಿ ಸಿಡಿಮದ್ದೇ ಇಲ್ಲ; ನಾಟಕದಲ್ಲಿ ಕೆಟ್ಟದಾಗಿ ಅಭಿನಯಿಸಿದ ನಟನನ್ನು ಪ್ರೇಕ್ಷಕರು ಚಪ್ಪಾಳೆ ತಟ್ಟಿ ರಂಗದಿಂದ ಓಡಿಸುವುದು ಎಂದು ತಾವು ಬರೆದಿದ್ದೀರಿ. ಬಾಗಿಲಲ್ಲಿ ನಿಂತಿದ್ದ ಅಪ್ಪ ಬಹಳ ಗಂಭೀರವಾಗಿ ಚಪ್ಪಾಳೆ ತಟ್ಟಿದರು. “ಅಪ್ಪಾ, ನಾನಿನ್ನೂ ಮುಗ್ಸಿಲ್ಲ” ಎಂದು ಅಕ್ಕ ಹೇಳಿದಳು, ಆದರೆ ಅಷ್ಟರಲ್ಲಿ ಮೂಗಿನಿಂದ ನಗು ಹೊರಟುಹೋಗಿತ್ತು, ಮತ್ತೆ ಒಳಗೆ ಎಳೆದುಕೊಳ್ಳಲು ಆಗಲಿಲ್ಲ.

ಅಮ್ಮನಿಗೆ ಇಂಗ್ಲಿಷ್ ಬಾರದು. ಅವಳ ಪರವಾಗಿ ನಾವು ಓದಬಹುದೆಂದು ಅಪ್ಪ ಪದ್ಧತಿಗೊಂದು ತಿದ್ದುಪಡಿ ತಂದಿದ್ದರು. ನಲ್ಲಿ ಸೋರುವುದನ್ನು ರಿಪೇರಿ ಮಾಡಿಸಿಲ್ಲವೆಂದು ಅಮ್ಮ ಒಮ್ಮೆ ಅಪ್ಪನ ಮೇಲೆ ಹರಿಹಾಯ್ದಾಗ, ನಾನು ಬುದ್ಧಿವಂತಿಕೆ ತೋರಿಸಲು ಹೋಗಿ ‘ಹಿಸ್ಟೀರಿಯಾ’ ತೆಗೆದೆ. ಗ್ರೀಕ್ ಭಾಷೆಯ ಮೂಲವನ್ನು ಓದುತ್ತಾ ಓದುತ್ತಾ ನನ್ನ ದನಿ ಸಣ್ಣಗಾಯಿತು. “ಏನಂತೆ ಅದು, ಕನ್ನಡದಲ್ಲಿ ಹೇಳ್ರೀ” ಎಂದು ಅಮ್ಮ ಅಪ್ಪನನ್ನು ಕೇಳಿದಳು. ಅಪ್ಪನಿಗೆ ಮುಂದಿನ ಕೋಣೆಯಲ್ಲಿ ತುರ್ತು ಕೆಲಸ ನೆನಪಾಯಿತು. ಕೊನೆಗೆ ನಾನೇ ಹೇಳಬೇಕಾಯಿತು. ಅಮ್ಮ, “ಅಂದ್ರೆ ಕೂಗ್ತಾ ಇರೋದು ನಾನಲ್ಲ, ಗರ್ಭಕೋಶ ಅಂತಾನಾ? ನಲ್ಲಿ ಸೋರ್ತಿರೋದು ಅದಕ್ಕೆ ಹೇಗೆ ಗೊತ್ತಾಯ್ತಂತೆ?” ಎಂದಳು. ಅಂದಿನಿಂದ ಅವಳ ಸಿಟ್ಟು ಪೂರ್ತಿಯಾಗಿ ಹಳೆಯ ಗ್ರೀಕರ ಮೇಲೆ ತಿರುಗಿ, ಅಪ್ಪ ನೆಮ್ಮದಿಯಾಗಿದ್ದರು. ನಲ್ಲಿ ಮಾತ್ರ ಆಮೇಲೂ ಸೋರುತ್ತಿತ್ತು.

ಅಕ್ಕನಿಗೆ ಮದುವೆಯಾದ ಮೇಲೆ ಭಾವನೂ ಈ ಪದ್ಧತಿಗೆ ಒಳಪಟ್ಟರು. ಅವರು ಕಾರು ಓಡಿಸುವುದನ್ನು ಕಲಿಸುವವರು. ಹಗಲೆಲ್ಲ ಕಲಿಯುವವರ ಪಕ್ಕ ಕುಳಿತು ಸಿಟ್ಟನ್ನು ನುಂಗುವುದೇ ಅವರ ಉದ್ಯೋಗವಾದ್ದರಿಂದ ಮನೆಗೆ ಬಂದಾಗ ಹೊಟ್ಟೆ ತುಂಬ ಸಿಟ್ಟಿರುತ್ತದೆ. ಇಸ್ತ್ರಿ ಪೆಟ್ಟಿಗೆ ಅವರ ಒಳ್ಳೆಯ ಅಂಗಿಯನ್ನು ಸುಟ್ಟ ದಿನ ಅವರು ‘ಬರ್ಸರ್ಕ್’ ಆದರು. ಹಿಂದಿನ ಕಾಲದ ಉತ್ತರ ಯುರೋಪಿನ ಯೋಧರು ಕರಡಿಯ ಚರ್ಮವನ್ನೇ ಅಂಗಿಯಾಗಿ ತೊಟ್ಟು ಮೈಮರೆತು ಕಾದುತ್ತಿದ್ದರೆಂದು ಕೆಲವರು, ಇಲ್ಲ, ಅಂಗಿಯೇ ಇಲ್ಲದೆ ಕಾದುತ್ತಿದ್ದರೆಂದು ಇನ್ನು ಕೆಲವರು ಹೇಳುತ್ತಾರೆಂದು ತಾವು ಎರಡೂ ಪಕ್ಷಗಳನ್ನು ನ್ಯಾಯವಾಗಿ ಕೊಟ್ಟಿದ್ದೀರಿ. ಮೈಮೇಲೆ ಬನಿಯನ್ನು, ಕೈಯಲ್ಲಿ ಸುಟ್ಟ ಅಂಗಿ, ಎದೆಯ ಮೇಲೆ ಧಾರಾಳ ರೋಮವಿದ್ದ ಭಾವ ಎರಡೂ ಪಕ್ಷದ ಪಂಡಿತರಿಗೆ ಏಕಕಾಲಕ್ಕೆ ಸಾಕ್ಷಿಯಾಗಿ ನಿಂತಿದ್ದರು. ನನ್ನ ಮಗಳ ವಿಷಯದಲ್ಲಿ ಮಾತ್ರ ಪದ್ಧತಿ ಸ್ವಲ್ಪ ದಾರಿ ತಪ್ಪಿತು. ಅವಳು ‘ಮೆಲ್ಟ್‌ಡೌನ್’ ತೆಗೆದು, ಅಣುಸ್ಥಾವರ ಕರಗುವುದಕ್ಕಿಂತ ಮೊದಲು ಆ ಮಾತನ್ನು ಐಸ್‌ಕ್ರೀಮು ಕರಗುವುದಕ್ಕೆ ಬಳಸುತ್ತಿದ್ದರೆಂದು ಓದಿ, ಅಲ್ಲಿಗೇ ನಿಲ್ಲಿಸಿ, ಐಸ್‌ಕ್ರೀಮು ಕೇಳಿದಳು. ಕೊಡಿಸಿದೆವು. ತಣ್ಣಗಾದಳು ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಇಷ್ಟೆಲ್ಲ ಹೇಳಿದ್ದು, ತಮ್ಮ ಸಂಸ್ಥೆಯ ಮೇಲೆ ನಮ್ಮ ಕುಟುಂಬ ಇಟ್ಟಿದ್ದ ವಿಶ್ವಾಸ ಎಂಥದೆಂದು ತಿಳಿಯಲಿ ಎಂದು. ಮೂಳೆ ಮುರಿದರೆ ಆಸ್ಪತ್ರೆ, ಬೆಂಕಿ ಬಿದ್ದರೆ ಅಗ್ನಿಶಾಮಕದವರು, ಬಾಯಿ ಜೋರಾದರೆ ತಾವು. ಹೀಗಿತ್ತು ನಮ್ಮ ವ್ಯವಸ್ಥೆ.

ಈಗ ದೂರಿನ ಸಂಗತಿ. ನಮ್ಮ ಹಳೆಯ ಗಿರಾಕಿ, ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರು, ತಮ್ಮ ಕನ್ನಡಕದ ಮೇಲೆ ತಾವೇ ಕುಳಿತು, ಉಳಿದ ಚೂರುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದರು. ಅವರದು ಬಹಳ ಮೈನಸ್ ಪವರು. ಅಂಥ ಗ್ಲಾಸು ನಡುವೆ ತೆಳ್ಳಗಿದ್ದು ಅಂಚಿಗೆ ಹೋದಂತೆ ದಪ್ಪವಾಗುತ್ತದೆ; ಫ್ರೇಮು ಚಿಕ್ಕದಿದ್ದಷ್ಟೂ ಕ್ಷೇಮ. ಇದು ನನಗೆ ತಿಳಿಯದ್ದೇನಲ್ಲ. ಆದರೆ ಅವರು ದೊಡ್ಡ ದುಂಡು ಫ್ರೇಮೊಂದನ್ನು ಮುಖಕ್ಕಿಟ್ಟುಕೊಂಡು ಕನ್ನಡಿಯ ಮುಂದೆ ಎಷ್ಟು ಸಂತೋಷದಿಂದ ನಿಂತಿದ್ದರೆಂದರೆ, ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಖಾಲಿ ಫ್ರೇಮಿನಲ್ಲಿ ಅವರಿಗೆ ಕನ್ನಡಿಯೇ ಸರಿಯಾಗಿ ಕಾಣುತ್ತಿರಲಿಲ್ಲ ಎಂಬುದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಗ್ಲಾಸು ಬಂದ ದಿನ ಅಕ್ಕ ಒಂದನ್ನು ಹೇಗೋ ಉಜ್ಜಿ ಕೂರಿಸಿದಳು. ಎರಡನೆಯದರ ಅಂಚು ಮಷೀನಿನಲ್ಲಿ ಒಡೆಯಿತು. ಅವಳು ಫ್ರೇಮು ಹಿಡಿದು ಮುಂದಿನ ಕೋಣೆಗೆ ಬಂದು, ಗಿರಾಕಿಯ ಎದುರಿಗೇ, “ಇದು ಕನ್ನಡಕ ಅಲ್ಲ, ಕಿಟಕಿ. ಮುಖ ನೋಡಿ ಫ್ರೇಮ್ ಕೊಡೋದಾದ್ರೆ ನೀನೊಂದು ಕನ್ನಡಿ ಅಂಗಡಿ ಇಟ್ಕೋ” ಎಂದಳು. ನಾನು ಎದ್ದು ನಿಂತೆ. ನಾನು ಸಾಮಾನ್ಯವಾಗಿ ನಿಧಾನದವಳು, ಒಂದು ಮಾತಾಡುವ ಮೊದಲು ಹತ್ತು ಸಲ ಯೋಚಿಸಿ ಕೊನೆಗೆ ಆಡದೆ ಬಿಡುವವಳು. ಅಂದು ಯೋಚನೆ ಹಿಂದೆ ಉಳಿದು ಮಾತು ಮುಂದೆ ಓಡಿತು. ನಾನು ಏನೇನು ಕೂಗಿದೆನೋ, ಗೋಡೆಯ ಮೇಲಿನ ಫ್ರೇಮುಗಳು ಸಣ್ಣಗೆ ನಡುಗಿದವೆಂದು ಹೆಡ್‌ಮಿಸ್ಟ್ರೆಸ್ ಆಮೇಲೆ ಹೇಳಿದರು. ಅವರಿಗೆ ಫ್ರೇಮುಗಳು ಕಾಣುತ್ತಿರಲಿಲ್ಲ, ಕೇಳಿಸಿರಬೇಕು.

ಅಕ್ಕ ಶಾಂತವಾಗಿ “ಡಿಕ್ಷನರಿ ತೆಗಿ” ಎಂದಳು. ನಾನು ಸ್ಟೂಲಿನ ಕೆಳಗಿದ್ದ ನಿಘಂಟು ತೆಗೆದು, ನ್ಯಾಯವಾದ ಸಿಟ್ಟಿಗೆ ಹೇಳುವ ‘ಔಟ್‌ರೇಜ್’ ಎಂಬ ಪದವನ್ನು ಆರಿಸಿ ಹಾಳೆ ತಿರುವತೊಡಗಿದೆ. “ಔಟ್‌ರೇಜ್ ಅಂತೆ. ಇದು ಟ್ಯಾಂಟ್ರಮ್ಮು. ಕೊನೇ ಕಡೆ ಹೋಗು” ಎಂದಳು ಅಕ್ಕ. ಕೂಗಾಟದ ಹೆಸರನ್ನು ಕೂಗುವವರೇ ಇಡಬೇಕೆಂಬುದು ನಮ್ಮ ಪದ್ಧತಿಯ ಮೊದಲ ತತ್ವ, ಅದನ್ನು ಅವಳು ಮುರಿದಳು. ನಮ್ಮ ಪದ್ಧತಿಯನ್ನು ಚೆನ್ನಾಗಿ ಬಲ್ಲ ಹೆಡ್‌ಮಿಸ್ಟ್ರೆಸ್ ಅವರ ಕಡೆ ನ್ಯಾಯಕ್ಕಾಗಿ ನೋಡಿದೆ. “ಹೊರಗಿನವಳು ನಾನು ಹೇಳ್ಬಾರ್ದು. ಆದ್ರೆ ನನಗೂ ಟ್ಯಾಂಟ್ರಮ್ ಅಂತಾನೇ ಕೇಳಿಸ್ತು” ಎಂದರು. ಬೇರೆ ದಾರಿಯಿಲ್ಲದೆ ಆ ಪುಟ ತೆರೆದು ಓದಿದೆ. ಸಿಟ್ಟಿನ ಹಠಾತ್ ಸ್ಫೋಟ, ಮುಖ್ಯವಾಗಿ ಚಿಕ್ಕ ಮಕ್ಕಳದು, ಹದಿನೆಂಟನೆಯ ಶತಮಾನದ ಆರಂಭ, ಮೂಲ ತಿಳಿದಿಲ್ಲ.

“ಮುಂದೆ ಓದಮ್ಮ” ಎಂದರು ಹೆಡ್‌ಮಿಸ್ಟ್ರೆಸ್. “ಅಷ್ಟೇ ಮೇಡಂ” ಎಂದೆ. “ಅಷ್ಟೇನಾ?” ಎಂದರು ಅವರು, ಉತ್ತರಪತ್ರಿಕೆಯ ಹಿಂಬದಿ ತಿರುಗಿಸಿ ನೋಡುವವರ ದನಿಯಲ್ಲಿ.

ಮಾನ್ಯರೇ, ಅಷ್ಟೇ. ಒಂದು ಉಸಿರು ಕೂಡ ಪೂರ್ತಿ ಖರ್ಚಾಗಲಿಲ್ಲ. ಕರಡಿಯಿಲ್ಲ, ಯೋಧರಿಲ್ಲ, ನಾಟಕವಿಲ್ಲ, ಗ್ರೀಕರಿಲ್ಲ, ಕಡೆಗೆ ಐಸ್‌ಕ್ರೀಮೂ ಇಲ್ಲ. ಔಟ್‌ರೇಜ್‌ಗೆ ತಾವು ಎಷ್ಟು ಉದಾರವಾಗಿ ಬರೆದಿದ್ದೀರೆಂದು ಆಮೇಲೆ ನೋಡಿದೆ: ಹಳೆಯ ಫ್ರೆಂಚು, ಅದರ ಹಿಂದೆ ‘ಆಚೆಗೆ’ ಎಂಬ ಅರ್ಥದ ಲ್ಯಾಟಿನ್ ಮಾತು, ‘ರೇಜ್’ಗೂ ಅದಕ್ಕೂ ಹುಟ್ಟಿನಲ್ಲಿ ಸಂಬಂಧವೇ ಇಲ್ಲವೆಂಬ ಅಚ್ಚರಿ. ಅದನ್ನು ಓದಿದ್ದರೆ ಅರ್ಧದಲ್ಲೇ ನಾನು “ಅಕ್ಕಾ, ಇದು ಗೊತ್ತಿತ್ತಾ ನಿನಗೆ” ಎಂದು ಕೇಳುತ್ತಿದ್ದೆ, ಅವಳು ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಳು, ಮಧ್ಯಾಹ್ನದೊಳಗೆ ಹೊಸ ಗ್ಲಾಸಿಗೆ ಆರ್ಡರು ಹೋಗುತ್ತಿತ್ತು. ತಮ್ಮ ಆ ಎರಡು ಪದಗಳಿಂದಾಗಿ ನನ್ನ ಎದೆಯಲ್ಲಿ ಇನ್ನೂ ಧಾರಾಳ ಉಸಿರಿತ್ತು. ಪದ್ಧತಿಯ ಪ್ರಕಾರ ನಾನು ಬಿಟ್ಟಲ್ಲಿಂದ ಮುಂದುವರಿಸಿದೆ. ನಮ್ಮ ಮನೆತನದ ಇತಿಹಾಸದಲ್ಲಿ ಹಾಗೆ ಮಾಡಿದ ಮೊದಲಿಗಳು ನಾನು.

ಹೇಳಿದ್ದು ಇಷ್ಟು: “ಅಪ್ಪ ನಿನಗೆ ಕೆಲಸ ಕಲಿಸಿದ್ರು, ನನಗೆ ನಗೋದು ಕಲಿಸಿದ್ರು. ನಕ್ಕು ನಕ್ಕು ನನ್ನ ದವಡೆ ಸವೆದು ಹೋಗಿದೆ. ಆ ಮಷೀನ್ ಒಂದು ಇಲ್ದಿದ್ರೆ ನಿನ್ನ ಹತ್ರ ಯಾರು ಬರ್ತಿದ್ರು?”

ಅಕ್ಕ ಒಳಗೆ ಹೋಗಿ ಮಷೀನಿನ ನೀರು ನಿಲ್ಲಿಸಿ, ಅದಕ್ಕೆ ಹೊದಿಕೆ ಹೊದಿಸಿ, ಕೈ ತೊಳೆದು ಬಂದಳು. ಒಂದೇ ಗ್ಲಾಸಿನ ಆ ಫ್ರೇಮನ್ನು ನನ್ನ ಮುಂದಿಟ್ಟು, “ಇನ್ನೊಂದನ್ನ ನೀನೇ ನಗ್ತಾ ನಗ್ತಾ ಹಾಕು” ಎಂದು ಹೇಳಿ, ಚೀಲ ತೆಗೆದುಕೊಂಡು ಹೊರಟುಹೋದಳು. ಅಂದಿನಿಂದ ಅವಳು ಅಂಗಡಿಗೆ ಬಂದಿಲ್ಲ. ಅಪ್ಪ ತೀರಿಕೊಂಡಾಗ ಬಿಟ್ಟರೆ ನಮ್ಮ ಹಿಂದಿನ ಕೋಣೆ ಇಷ್ಟು ಕಾಲ ಸುಮ್ಮನಿದ್ದದ್ದು ನನಗೆ ನೆನಪಿಲ್ಲ. ಮಷೀನು ರಿಪೇರಿಯಲ್ಲಿದೆ ಎಂದು ಗಿರಾಕಿಗಳಿಗೆ ಹೇಳುತ್ತಿದ್ದೇನೆ. ಅದು ಸುಳ್ಳೆಂದು ಮಷೀನಿಗೂ ಗೊತ್ತು. ಒಮ್ಮೆ ಹೊದಿಕೆ ತೆಗೆದು, ನೀರು ಬಿಟ್ಟು, ಚಕ್ರದ ಮುಂದೆ ನಿಂತು, ಮತ್ತೆ ನೀರು ನಿಲ್ಲಿಸಿ ಹೊದಿಕೆ ಹಾಕಿದೆ. ಹೀಗೇ ಮುಂದುವರಿದರೆ ಅಂಗಡಿ ಮುಚ್ಚಬೇಕು. ಅದಕ್ಕಿಂತ ಮೊದಲು ಅಕ್ಕನನ್ನು ಕಳೆದುಕೊಂಡಿರುತ್ತೇನೆ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಲೆಕ್ಕಾಚಾರವೇ ನನ್ನನ್ನು ಈ ಪತ್ರಕ್ಕೆ ತಂದು ನಿಲ್ಲಿಸಿದೆ.

ಹೆಡ್‌ಮಿಸ್ಟ್ರೆಸ್ ದಿನಾ ಬಂದು ಎದುರಿನ ಕುರ್ಚಿಯಲ್ಲಿ ಕೂರುತ್ತಾರೆ. ಒಂದೇ ಗ್ಲಾಸಿನ ಕನ್ನಡಕ ಹಾಕಿಕೊಂಡು ನಿನ್ನೆ ನನ್ನನ್ನು ಬಹಳ ಹೊತ್ತು ದಿಟ್ಟಿಸಿ, “ಗ್ಲಾಸ್ ಇರೋ ಕಣ್ಣಲ್ಲಿ ನೋಡಿದ್ರೆ ತಪ್ಪು ನಿನ್ನದೇ ಅನ್ಸುತ್ತೆ. ಇಲ್ದೇ ಇರೋ ಕಣ್ಣಲ್ಲಿ ಎಲ್ಲ ಮಂಜು, ಅಲ್ಲಿ ನಿನಗೆ ಸ್ವಲ್ಪ ಅವಕಾಶ ಇದೆ” ಎಂದರು. ಭಾವನೂ ಒಮ್ಮೆ ಬಂದಿದ್ದರು, ರಾಜಿಗೆ ಅಲ್ಲ, ಗೋಳು ತೋಡಿಕೊಳ್ಳಲು. “ನಿಮ್ಮಕ್ಕ ಮನೇಲಿ ಕೂತು ಎಲ್ರ ಕನ್ನಡಕಾನೂ ಒರೆಸ್ತಾ ಇದಾಳೆ. ಅಕ್ಕಪಕ್ಕದ ಮನೆಯೋರದ್ದೂ ಮುಗೀತು. ಈಗ ನಾನು ಹಾಕ್ಕೊಂಡಿರುವಾಗ್ಲೇ ಒರೆಸ್ತಾಳೆ. ಬೇಗ ಏನಾದ್ರೂ ಮಾಡು ಮಾರಾಯ್ತಿ” ಎಂದರು. ಅವರ ಕನ್ನಡಕ ಅಷ್ಟು ಶುಭ್ರವಾಗಿದ್ದುದನ್ನು ನಾನೆಂದೂ ನೋಡಿರಲಿಲ್ಲ.

ಗಿರಾಕಿಗಳಿಲ್ಲದ ಹೊತ್ತಿನಲ್ಲಿ ತಮ್ಮ ನಿಘಂಟನ್ನೇ ತಿರುವುತ್ತಾ ಕುಳಿತೆ. ಇದು ತಮ್ಮಿಂದ ಒಮ್ಮೆ ಆದ ಕೈತಪ್ಪೇ, ಅಥವಾ ರೂಢಿಯೇ ಎಂದು ನೋಡುವುದು ನ್ಯಾಯವೆನಿಸಿತು. ‘ಕನಿಪ್ಷನ್’ ಎಂಬ ಪದವಿದೆ; ಕೈಕಾಲು ಬಡಿಯುವ ಸಿಟ್ಟು; ಮೂಲ ತಿಳಿದಿಲ್ಲ. ‘ಟಿಝಿ’ ಇದೆ, ಗಾಬರಿಯ ಒದ್ದಾಟ, ಮೂಲ ತಿಳಿದಿಲ್ಲ. ‘ಸ್ನಿಟ್’ ಇದೆ, ಮುಖ ಊದಿಸಿಕೊಂಡು ಕೂರುವ ಸಿಟ್ಟು, ಅದರ ಮೂಲವೂ ತಿಳಿದಿಲ್ಲ. ಅಂದರೆ, ಕತ್ತಿ ಹಿಡಿದ ಗಂಡಸು ಮೈಮರೆತರೆ ಅವನ ಸಿಟ್ಟಿನ ವಂಶಾವಳಿಯನ್ನು ತಾವು ಹಿಮಗಡ್ಡೆಯ ನಾಡಿಗೂ ಹೋಗಿ ಬರೆದುಕೊಂಡು ಬರುತ್ತೀರಿ. ಅಡುಗೆಮನೆಯಲ್ಲೋ ಅಂಗಡಿಯ ಸ್ಟೂಲಿನ ಮೇಲೋ ಯಾರಾದರೂ ರಂಪ ಮಾಡಿದರೆ ಆ ಸಿಟ್ಟನ್ನು ಹೇಳುವ ಕೇಳುವವರಿಲ್ಲದ ಕೂಸಿನಂತೆ ಬಾಗಿಲಲ್ಲಿ ಬಿಟ್ಟು ಬರುತ್ತೀರಿ. ಹೆಂಗಸಿನ ಸಿಟ್ಟಿಗೆ ಒಂದೇ ಒಂದು ಕಡೆ ಮೂಲ ಕೊಟ್ಟಿದ್ದೀರಿ, ಅದು ಎಲ್ಲಿಗೆ ಹೋಗಿ ಮುಟ್ಟಿತೆಂದು ಅಮ್ಮನನ್ನು ಕೇಳಬಹುದು. ಇದು ತಮ್ಮ ತಪ್ಪೋ, ಯಾರೂ ಬರೆದಿಡದ ಜನರ ತಪ್ಪೋ ಎಂದು ನಾನು ಯೋಚಿಸದೆ ಇಲ್ಲ. ಯೋಚಿಸಿ, ಸದ್ಯಕ್ಕೆ ತಮ್ಮದೇ ಎಂದು ಇಟ್ಟುಕೊಂಡಿದ್ದೇನೆ. ವಿಳಾಸ ಇರುವುದು ತಮ್ಮದೊಂದೇ.

ಹಾಗೆಂದು ಕೈಕಟ್ಟಿ ಕೂರಲಿಲ್ಲ. ತಮಗೆ ನೆರವಾಗಲೆಂದು ತಮ್ಮ ಕ್ರಮದಲ್ಲೇ ನನ್ನ ಟ್ಯಾಂಟ್ರಮ್ಮಿನ ಮೂಲವನ್ನು ನಾನೇ ಹುಡುಕಲು ಹೊರಟೆ. ಇತ್ತೀಚಿನ ರೂಪ: ಕಿಟಕಿ ಎಂಬ ಮಾತು. ಅದಕ್ಕೂ ಹಿಂದಿನ ರೂಪ: ಒಂದು ಸಂಜೆ ನಾನು ಸುಮ್ಮನೆ ಮಷೀನು ಮುಟ್ಟಿದಾಗ ಅಕ್ಕ ಬಂದು ಅದಕ್ಕೆ ಹೊದಿಕೆ ಹಾಕಿದ್ದು. ಅದಕ್ಕೂ ಹಿಂದೆ: ಕಾಲೇಜು ಮುಗಿಸಿದ ನನ್ನನ್ನು ಅಪ್ಪ ಸ್ಟೂಲಿನ ಮೇಲೆ ಕೂರಿಸಿ, “ನೀನು ಮುಂದೆ ಇರು, ನಿನಗೆ ಮಾತು ಬರುತ್ತೆ” ಎಂದದ್ದು. ಅದಕ್ಕೂ ಹಿಂದೆ: ಮಾತು ಬರುತ್ತದೆಂದು ಶಾಲೆಯವರು ನನಗೆ ಬಹುಮಾನ ಕೊಟ್ಟದ್ದು, ಅದನ್ನು ನೋಡಿ ಅಪ್ಪ ಹಿಗ್ಗಿದ್ದು, ಪಕ್ಕದಲ್ಲಿ ಅಕ್ಕ ಸುಮ್ಮನೆ ನಿಂತಿದ್ದದ್ದು. ಅದಕ್ಕಿಂತ ಹಿಂದಿನ ದಾಖಲೆ ಸಿಗುವುದಿಲ್ಲ. ಅಪ್ಪನನ್ನು ಕೇಳುವಂತಿಲ್ಲ, ಅಮ್ಮನನ್ನು ಕೇಳಿದರೆ ಗ್ರೀಕರಿಗೆ ಹೋಗುತ್ತಾಳೆ, ಅಕ್ಕನನ್ನು ಕೇಳಬೇಕೆಂದರೆ ಅಕ್ಕ ಮಾತಾಡುತ್ತಿಲ್ಲ. ಪೆನ್ನು ಕೆಳಗಿಟ್ಟಾಗ ತಮ್ಮ ಮೇಲೆ ಮೊದಲ ಬಾರಿಗೆ ಸ್ವಲ್ಪ ಮರುಕ ಬಂತು. ಇಷ್ಟು ದೊಡ್ಡ ಸಂಸ್ಥೆ, ಇಷ್ಟೊಂದು ಪಂಡಿತರು, ನಾಚಿಕೆಯಿಲ್ಲದೆ ತಿಳಿದಿಲ್ಲ ಎಂದು ಅಚ್ಚುಹಾಕಿಸುವ ಧೈರ್ಯ ಮಾಡಿದಿರಲ್ಲ, ಅದು ಸಣ್ಣ ಮಾತಲ್ಲ. ನಮ್ಮ ಬಂಧುಬಳಗದಲ್ಲಿ ಯಾವ ಜಗಳದ ಮೂಲವೂ ಯಾರಿಗೂ ತಿಳಿಯದೆ ಇಲ್ಲ. ಒಂದೊಂದಕ್ಕೂ ಮೂರ್ನಾಲ್ಕು ಮೂಲಗಳಿದ್ದು, ಹೇಳುವವರೆಲ್ಲ ಕಣ್ಣಾರೆ ಕಂಡವರೇ ಆಗಿರುತ್ತಾರೆ. ತಮ್ಮಂಥವರು ಒಬ್ಬರಿದ್ದಿದ್ದರೆ ಎಷ್ಟೋ ಮದುವೆಗಳು ಸುಸೂತ್ರವಾಗಿ ಮುಗಿಯುತ್ತಿದ್ದವು.

ಆದರೂ ಮರುಕದಿಂದ ಗ್ಲಾಸು ಉಜ್ಜಲಾಗುವುದಿಲ್ಲವಾದ್ದರಿಂದ ನನ್ನ ಬೇಡಿಕೆಗಳನ್ನು ಮುಂದಿಡುತ್ತಿದ್ದೇನೆ. ತಾವು ದಯವಿಟ್ಟು ‘ಟ್ಯಾಂಟ್ರಮ್’ ಪದಕ್ಕೆ ಆದಷ್ಟು ಬೇಗ ಒಂದು ಮೂಲವನ್ನು ಒದಗಿಸಬೇಕು. ಅದು ಕನಿಷ್ಠ ನಾಲ್ಕು ಸಾಲಾದರೂ ಇರಬೇಕು, ಓದುವಾಗ ಎರಡು ಕಡೆಯಾದರೂ ನಾಲಿಗೆ ತೊಡರಬೇಕು, ಒಂದು ಪ್ರಾಣಿಯೂ ಒಬ್ಬ ಸತ್ತ ರಾಜನೂ ಬಂದರೆ ಇನ್ನೂ ಒಳ್ಳೆಯದು. ಅದು ನಿಜವಾಗಿರಲೇಬೇಕೆಂಬ ಒತ್ತಾಯ ನನ್ನದಲ್ಲ ಎಂದು ಬರೆಯಲು ಹೊರಟಿದ್ದೆ, ಆದರೆ ತಮ್ಮ ಧೈರ್ಯವನ್ನು ಈಗಷ್ಟೇ ಹೊಗಳಿ ಹಾಗೆ ಕೇಳುವುದು ಚೆನ್ನಾಗಿರುವುದಿಲ್ಲ. ನಿಜವೇ ಇರಲಿ, ಆದರೆ ಉದ್ದವಿರಲಿ. ಅಲ್ಲಿಯವರೆಗೆ ತಮ್ಮ ಪಂಡಿತರೊಬ್ಬರನ್ನು ನಮ್ಮ ಅಂಗಡಿಗೆ ಕಳಿಸಿ, ಎರಡು ಕೋಣೆಗಳ ನಡುವೆ ಕೂರಿಸಬೇಕು. ಯಾರಾದರೂ ದನಿ ಎತ್ತಿದೊಡನೆ ಅವರು ಕೆಮ್ಮಿ, ಯಾವುದಾದರೊಂದು ಸತ್ತ ಭಾಷೆಯ ವಿಷಯ ಶುರುಮಾಡಿದರೆ ಸಾಕು. ಅವರ ಕನ್ನಡಕ ಉಚಿತವಾಗಿ ಒರೆಸಿಕೊಡಲಾಗುವುದು. ಇದ್ಯಾವುದೂ ಆಗದಿದ್ದರೆ ಕಡೆಯ ಪಕ್ಷ ನಮ್ಮಕ್ಕನಿಗೆ ತಮ್ಮ ಕಚೇರಿಯ ಮೊಹರು ಹಾಕಿದ ಒಂದು ಕಾಗದ ಬರೆದು, ಅಂದು ನಡೆದದ್ದರಲ್ಲಿ ತಂಗಿಯದೇನೂ ತಪ್ಪಿಲ್ಲ, ಪುಟದಲ್ಲಿ ಜಾಗ ಸಾಲದೆ ಹೀಗಾಯಿತು ಎಂದು ತಿಳಿಸಬೇಕು. ತಂಗಿಯದೂ ಸ್ವಲ್ಪ ತಪ್ಪಿದೆ ಎಂದು ತಮಗೆ ಅನಿಸಿದಲ್ಲಿ ಅದನ್ನೂ ಸೇರಿಸಬಹುದು, ಆದರೆ ಸಣ್ಣ ಅಕ್ಷರದಲ್ಲಿ.

ಇಂತಹ ದೊಡ್ಡ ಕೆಲಸದ ನಡುವೆ ತಮ್ಮ ಸಮಯವನ್ನು ಇಷ್ಟು ತೆಗೆದುಕೊಂಡದ್ದಕ್ಕೆ ಕ್ಷಮೆಯಿರಲಿ. ಉತ್ತರ ಬರೆಯುವಾಗ ದಯವಿಟ್ಟು ಎರಡು ಪದಗಳಲ್ಲಿ ಮುಗಿಸಬೇಡಿ.

ತಮ್ಮ ವಿಶ್ವಾಸಿ,
ಕನ್ನಡಕದ ಅಂಗಡಿಯ ಮುಂದಿನ ಕೋಣೆಯವಳು

ತಾ.ಕ.: ತಮ್ಮ ಉತ್ತರಕ್ಕೆ ಕಾಯುತ್ತಾ ಕೂರುವುದು ಹೆಡ್‌ಮಿಸ್ಟ್ರೆಸ್ ಅವರ ಒಂದು ಕಣ್ಣಿಗೆ ಅನ್ಯಾಯವೆನಿಸಿ, ಇಂದು ಮಧ್ಯಾಹ್ನ ಅಂಗಡಿಯ ಬಾಗಿಲೆಳೆದು ಅಕ್ಕನ ಮನೆಗೆ ಹೋದೆ. ಬಾಗಿಲು ತೆರೆದ ಅವಳು ಏನಾದರೂ ಅನ್ನುವ ಮೊದಲೇ, ಹೊಸ್ತಿಲ ಹೊರಗೆ ನಿಂತುಕೊಂಡು, ಮೇಲಿನ ಪತ್ರವನ್ನು ‘ಮಾನ್ಯರೇ’ ಎಂಬಲ್ಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ಪದ್ಧತಿಯಂತೆ ಅವಳು ತುಟಿಪಿಟಕ್ಕೆನ್ನದೆ ಕೇಳಿದಳು. ಈಗ ಅಕ್ಕನ ಮನೆಯಲ್ಲೇ ಇರುವ ಅಮ್ಮ ಮಾತ್ರ ಒಳಗಿನಿಂದ ನಲ್ಲಿಯ ಭಾಗವನ್ನು ಇನ್ನೊಮ್ಮೆ ಓದಿಸಿದಳು. ಓದಿ ಮುಗಿಸಿದಾಗ ನನ್ನಲ್ಲಿ ಕೂಗಾಡುವಷ್ಟು ಉಸಿರು ಉಳಿದಿರಲಿಲ್ಲ. ದವಡೆಯ ಬಗ್ಗೆ, ಮಷೀನಿನ ಬಗ್ಗೆ ಆಡಿದ ಮಾತನ್ನು ವಾಪಸು ತಗೋತೀನಿ ಎನ್ನುವಷ್ಟಿತ್ತು, ಅಂದೆ. “ತುಂಬಾ ಉದ್ದ ಆಯ್ತು” ಎಂದಳು ಅಕ್ಕ. ಹಾಗೆಂದವಳೇ, “ಮರಳಿನ ಬಾಣಲೆ ದಿನಾ ಆಫ್ ಮಾಡ್ತಿದೀಯೋ ಇಲ್ವೋ?” ಎಂದಳು. ಆಮೇಲೆ ಒಳಗೆ ಕರೆದು, ಇಷ್ಟು ವರ್ಷ ಆ ಮಷೀನನ್ನು ನನ್ನ ಕೈಗೆ ಏಕೆ ಕೊಡಲಿಲ್ಲ ಎಂಬುದನ್ನು ಹೇಳಿದಳು. ಸರಿಯಾಗಿ ನಾಲ್ಕು ಸಾಲಿನ ವಿಷಯ.

ಹೊಸ ಏರ್ಪಾಡಿನಂತೆ ನಾಳೆಯಿಂದ ಬೆಳಗಿನ ಹೊತ್ತು ನಾನು ಹಿಂದಿನ ಕೋಣೆಯಲ್ಲಿ ಗ್ಲಾಸು ಉಜ್ಜುವುದನ್ನು ಕಲಿಯುತ್ತೇನೆ, ಅಕ್ಕ ಮುಂದೆ ಕೂರುತ್ತಾಳೆ. ಇದು ಬಹಿರಂಗ ಪತ್ರವಾದ್ದರಿಂದ ಗಿರಾಕಿಗಳಿಗೂ ಒಂದು ಸೂಚನೆ: ತಮ್ಮ ಮುಖಕ್ಕೆ ಯಾವ ಫ್ರೇಮು ಚೆನ್ನಾಗಿ ಕಾಣುತ್ತದೆಂದು ಕೇಳುವವರು ಮಧ್ಯಾಹ್ನದ ಮೇಲೆ ಬರುವುದು ಒಳ್ಳೆಯದು.

ಅಂತೂ ಒಂದು ಟ್ಯಾಂಟ್ರಮ್ಮಿನ ಮೂಲವಾದರೂ ಈಗ ತಿಳಿದಂತಾಯಿತು. ಅದನ್ನು ತಮ್ಮ ಮುಂದಿನ ಮುದ್ರಣಕ್ಕೆ ಕಳಿಸೋಣವೇ ಎಂದು ಅಕ್ಕನನ್ನು ಕೇಳಿದೆ. “ಬೇಡ” ಎಂದಳು. “ಅವ್ರೇ ಹುಡುಕ್ಲಿ.”